ಬೀಳುವುದನ್ನು ಕಲಿಸಿದ ಇಸ್ತ್ರಿಯವರು

ಹೋದ ವಾರ ಮನೆಗೆ ಹೊಸ ಮಿಕ್ಸಿ ಬಂತು. ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತು ಒಳಗೆ ಕೈ ಹಾಕಿದೆ ನೋಡಿ, ಆ ಒಣ ರಟ್ಟಿನ ವಾಸನೆ, ಸ್ವಲ್ಪ ಧೂಳು, ಸ್ವಲ್ಪ ಗೋಂದು... ಮಿಕ್ಸಿ ಮರೆತೇಹೋಯಿತು. ಕೆಂಪಾಪುರದ ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಗಾಡಿ ಹಾಕಿಕೊಂಡಿದ್ದ ಇಸ್ತ್ರಿಯವರು ಕಣ್ಣ ಮುಂದೆ ಬಂದು ನಿಂತರು.

ಇಸ್ತ್ರಿ ಗಾಡಿ ಹಾಕುವುದಕ್ಕೆ ಮೊದಲು ಅವರು ಸಿನಿಮಾದಲ್ಲಿ ಫೈಟರ್ ಆಗಿದ್ದವರು. ಹೀರೊ ಕೈಯಲ್ಲಿ ಹೊಡೆಸಿಕೊಂಡು ಬೀಳುವ ಕೆಲಸ. ಊರು ಕೋಗಿಲು ಕಡೆ. ಎಡ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಆದರೂ ಆ ಕೈಯಲ್ಲಿ ಸೆರಗು ಹಿಡಿದು ಬಲಗೈಯಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಓಡಿಸಿದರೆ ಸೀರೆಯಲ್ಲಿ ಒಂದು ಸುಕ್ಕು ಉಳಿಯುತ್ತಿರಲಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಟೀವಿಯಲ್ಲಿ ಹಳೆಯ ಸಿನಿಮಾ ಬಂದರೆ ಬೀದಿಗೆ ಓಡಿ, "ಅಂಕಲ್, ನೀವು ಬಂದ್ರಿ!" ಎಂದು ಕೂಗುತ್ತಿದ್ದಳು. ಅವರು ಗಾಡಿ ಬಿಟ್ಟು ಬರುವಷ್ಟರಲ್ಲಿ ಪರದೆಯ ಮೇಲೆ ಅವರು ಬಿದ್ದು ಮುಗಿದಿರುತ್ತಿತ್ತು.

ಆ ಮಗಳೇ ಬೆಳೆದು ಸಿನಿಮಾ ಓದಿಗೆ ಸೇರಿದಳು. ಕೊನೆಯ ವರ್ಷ ಒಬ್ಬೊಬ್ಬರೂ ಹತ್ತು ನಿಮಿಷದ ಚಿತ್ರ ಮಾಡಿ ತೋರಿಸಬೇಕಿತ್ತು. ಜೊತೆಯವರೆಲ್ಲ ಅಳುವ ಕಥೆ ಆರಿಸಿಕೊಂಡರೆ ಇವಳು ಫೈಟಿಂಗ್ ಸಿನಿಮಾ ಅಂದಳು. ನಾಯಕಿಯೂ ತಾನೇ. ಕಲಿಸುವುದಕ್ಕೆ ಇಸ್ತ್ರಿಯವರನ್ನು ಹಿಡಿದಳು. ಸಂಜೆಯಾದರೆ ಗಾಡಿ ಪಕ್ಕ ನೋಟ್‌ಬುಕ್ ಹಿಡಿದು ನಿಂತು ವಾದ. ನಾನು ಬಟ್ಟೆ ತರುವ ನೆಪದಲ್ಲಿ ಹೋಗಿ ಕೇಳಿಸಿಕೊಳ್ಳುತ್ತಿದ್ದೆ.

"ನಾಲ್ಕು ಜನ ರೌಡಿಗಳಿದ್ದಾರೆ ಅಂಕಲ್. ಒಬ್ಬೊಬ್ರೇ ಯಾಕೆ ಬರ್ಬೇಕು? ನಿಜವಾಗ್ಲೂ ಆದ್ರೆ ಒಟ್ಟಿಗೆ ಬಂದು ಹೊಡೀತಾರಲ್ವಾ?"

"ಒಟ್ಟಿಗ್ ಬಂದ್ರೆ ಯಾರ್ ಕೈ ಯಾರ್ ಮೂತಿಗ್ ಬೀಳ್ತದೆ ಅಂತ ಗೊತ್ತಾಗಲ್ಲ ಕಣವ್ವ. ಒಬ್ಬ ಒಡೀತಿರ್ಬೇಕಾದ್ರೆ ಮಿಕ್ಕೋರು ಪಕ್ಕದಲ್ಲಿ ಕುಣೀತಿರ್ಬೇಕು. ಅದು ನಮ್ ಒಟ್ಟೆಪಾಡು."

"ಸರಿ, ಅದು ಇರ್ಲಿ. ಧೂಳು, ಸ್ಲೋ ಮೋಷನ್, ಎಂಟ್ರಿ ಎಲ್ಲಾ ಇರ್ಲಿ. ಆದ್ರೆ ಹಾರೋ ಮುಂಚೆ ನನ್ ಹೀರೊಯಿನ್ ಕೆಳಗೆ ನೋಡ್ತಾಳೆ. ಹೆದರ್ಕೋತಾಳೆ."

"ಈರೋ ಕೆಳಗ್ ನೋಡಂಗಿಲ್ಲ!"

"ನನ್ನೋಳು ನೋಡ್ತಾಳೆ."

ಇಸ್ತ್ರಿಯವರು ಸ್ವಲ್ಪ ಹೊತ್ತು ಕೆಂಡ ಊದಿದರು. ಆಮೇಲೆ, "ಅಂಗಾದ್ರೆ ಇನ್ನೊಂದ್ ಮಾಡು. ಬಿದ್ದೋರ್ನೂ ನೋಡು. ಇಷ್ಟ್ ವರ್ಷ ಬಿದ್ದಿದೀನಿ, ಬಿದ್ಮೇಲೆ ಒಂದ್ ಸಲನೂ ಕ್ಯಾಮೆರಾ ನನ್ ಕಡೆ ತಿರುಗ್ಲಿಲ್ಲ" ಎಂದರು.

ಮಗಳು ಅದನ್ನು ಬರೆದುಕೊಂಡಳು. ನನ್ನ ಚಿಂತೆಯೇ ಬೇರೆ. ಹಾರುವುದು ನಮ್ಮ ಮನೆಯ ಪೋರ್ಟಿಕೋ ಮೇಲಿಂದ, ಹತ್ತು ಅಡಿ. ಹಾರುವವಳು ನನಗಿರುವ ಒಬ್ಬಳೇ ಮಗಳು.

ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಹಳೆಯ ಹಾಸಿಗೆ ಹಾಕುತ್ತಾರಂತೆ. ಫೈಟರುಗಳ ಪದ್ಧತಿ ಅದು. ದಿನಸಿ ಅಂಗಡಿಯಿಂದ ತಂದ ಪೆಟ್ಟಿಗೆಗಳನ್ನು ಶೂಟಿಂಗಿನ ಹಿಂದಿನ ಸಂಜೆಯೇ ಅವರು ಮೂರು ಸಾಲು ಜೋಡಿಸಿದರು. ನಾನು ಗಟ್ಟಿಯಾಗಿ ಟೇಪು ಸುತ್ತೋಣವೇ ಎಂದು ಕೇಳಿದ್ದಕ್ಕೆ ನಕ್ಕರು. "ಬ್ಯಾಡಿ ಅಮ್ಮಾವ್ರೆ. ಪೆಟ್ಗೆ ನುಜ್ಜಾಗ್ಬೇಕು. ಅದು ನುಜ್ಜಾದ್ರೆ ನಾವು ನುಜ್ಜಾಗಲ್ಲ."

ಕೇಳಿಸಿಕೊಂಡೆ, ಅರ್ಥ ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಎದ್ದವಳೇ ಆಂಜನೇಯನ ಗುಡಿಗೆ ಹೋಗಿ, ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಪೂರ್ಣಫಲ ತಂದೆ. ಸಿಪ್ಪೆ ಸುಲಿದ, ನೀರು ತುಂಬಿದ ತೆಂಗಿನಕಾಯಿ. ಅವಳು ಬೀಳುವ ಜಾಗಕ್ಕೇ ರಕ್ಷೆ ಇರಲಿ ಎಂದು, ಯಾರೂ ಇಲ್ಲದಾಗ ಹಾಸಿಗೆ ಸರಿಸಿ ನಟ್ಟನಡುವಿನ ಪೆಟ್ಟಿಗೆಯೊಳಗೆ ಇಟ್ಟು ಕೈಮುಗಿದೆ. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದು ಹೊಟ್ಟೆ ತುಂಬ ತಿಂಡಿ ತಿಂದೆ.

ಮಗಳು ಪೋರ್ಟಿಕೋ ಹತ್ತಿ ನಿಂತಳು. ಅವಳ ಸ್ನೇಹಿತೆ ಕ್ಯಾಮೆರಾ ಹಿಡಿದಳು. ರೌಡಿಗಳಾಗಲು ಬಂದಿದ್ದ ಮೂವರು ಕಾಲೇಜು ಹುಡುಗರು ಗೇಟಿನ ಬಳಿ ನಿಂತರು. ಇಸ್ತ್ರಿಯವರು ಬಂದವರೇ ಹಾಸಿಗೆ ತೆಗೆದು ಒಂದೊಂದೇ ಪೆಟ್ಟಿಗೆಯೊಳಗೆ ಭುಜದವರೆಗೆ ಕೈ ಇಳಿಸಿ ನೋಡತೊಡಗಿದರು.

"ನೆನ್ನೆ ನೀವೇ ಜೋಡಿಸಿದ್ದಲ್ವಾ ಅಂಕಲ್? ಬಿಸ್ಲು ಬಂದ್ಬಿಡುತ್ತೆ!" ಮಗಳು ಮೇಲಿಂದ ಕೂಗಿದಳು.

"ನೆನ್ನೆದು ನೆನ್ನೆಗಾಯ್ತು."

ನನ್ನ ರಕ್ಷೆಯನ್ನು ಎಲ್ಲಿ ತೆಗೆದುಬಿಡುತ್ತಾರೋ ಎಂದು ನಾನೂ ಬಾಯಿ ಹಾಕಿದೆ. "ಎಲ್ಲಾ ಸರಿಯಾಗಿದೆ ಬಿಡಿ, ಅವಳು ಹಾರ್ಲಿ."

ಹೌದು, ನಾನೇ ಹಾಗೆಂದೆ...

ನಡುವಿನ ಪೆಟ್ಟಿಗೆಯಲ್ಲಿ ಅವರ ಕೈ ನಿಂತಿತು. ಕೆಂಪು ಬಟ್ಟೆ ಹೊರಗೆ ಬಂತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಕಾಯಿಯನ್ನು ಅಂಗೈಯಲ್ಲಿ ಒಮ್ಮೆ ತೂಗಿದರು. ಆಗ ಗೊತ್ತಾಯಿತು ನನಗೆ. ಕಲ್ಲಿನಂಥ ಕಾಯಿ, ಸರಿಯಾಗಿ ಅವಳ ಬೆನ್ನೆಲುಬು ಬಂದು ಬೀಳುವ ಕಡೆ.

ಅವರು ಎಲ್ಲರಿಗೂ ಕೇಳುವ ಹಾಗೆ ಗದರಿದರು. "ಏನ್ರೋ, ಪೂಜೆ ಮಾಡ್ದೆ ಶಾಟ್ ತೆಗೀತೀರಾ? ಅಮ್ಮಾವ್ರು ಕಾಯಿ ತಂದು ಮಡಗವ್ರೆ, ಒಬ್ರಿಗೂ ಗ್ಯಾನ ಇಲ್ಲ!" ಕಾಯಿಯನ್ನು ಕ್ಯಾಮೆರಾಕ್ಕೆ ನಿವಾಳಿಸಿ ಗೇಟಿನ ಬಳಿಯ ಕಲ್ಲಿಗೆ ಒಡೆದರು. ಒಂದು ಹೋಳು ನನ್ನ ಕೈಗಿಡುತ್ತ ಮೆಲ್ಲಗೆ ಹೇಳಿದರು: "ದೇವ್ರು ಮ್ಯಾಲಿರ್ಲಿ ಅಮ್ಮಾವ್ರೆ. ಕೆಳಗ್ ಖಾಲಿ ಇರ್ಲಿ."

ಹಾಸಿಗೆಯನ್ನು ಮತ್ತೆ ಪೆಟ್ಟಿಗೆಗಳ ಮೇಲೆ ಹಾಸಿದರು. ಮಗಳು ಕೆಳಗೆ ನೋಡಿದಳು. ಹೆದರಿದಳು. ಅದು ನಟನೆಯೋ ನಿಜವೋ ನನಗೆ ತಿಳಿಯಲಿಲ್ಲ. ಹಾರಿದಳು. ರಟ್ಟು ನುಜ್ಜಾದ ಸದ್ದಾಯಿತು. ನಗುತ್ತ ಎದ್ದಳು. ನಾನು ಮೆಟ್ಟಿಲ ಮೇಲೆ ಕೂತು ಎಣಿಸಿದೆ: ತಲೆ, ಕತ್ತು, ಬೆನ್ನು, ಎರಡು ಕೈ, ಎರಡು ಕಾಲು. ಎಲ್ಲ ಇದ್ದವು. ಸ್ವಾಮಿ, ಅಷ್ಟು ಸಾಕಿತ್ತು.

ಮಧ್ಯಾಹ್ನ ನಾಲ್ಕನೆಯ ರೌಡಿಯಾಗಿ ಇಸ್ತ್ರಿಯವರೇ ಬಿದ್ದರು. ಕ್ಯಾಮೆರಾ ಅವರ ಮೇಲೇ ನಿಂತಿತು. ಅವರು ನಿಧಾನವಾಗಿ ಎದ್ದು, ಪಂಚೆಯ ಮಣ್ಣು ಕೊಡವಿ, ಹಾರಿಹೋದ ಒಂದು ಚಪ್ಪಲಿಯನ್ನು ಹುಡುಕಿದರು. ಕಾಲೇಜಿನಲ್ಲಿ ತೋರಿಸಿದಾಗ ಮಗಳ ಎಂಟ್ರಿಗೆ ಶಿಳ್ಳೆ ಬಿತ್ತು. ಚಪ್ಪಲಿ ಹುಡುಕುವಾಗ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಇದು ಫೈಟಿಂಗ್ ಸಿನಿಮಾವೇ ಅಲ್ಲ ಎಂದರಂತೆ ಒಬ್ಬ ಮೇಷ್ಟ್ರು. ಹಾಗೆಂದವರೇ ಪಾಸು ಮಾಡಿದರು.

ಎರಡು ವರ್ಷದ ನಂತರ ಬೀದಿ ಅಗಲವಾಯಿತು, ಹೊಂಗೆ ಮರ ಹೋಯಿತು, ಇಸ್ತ್ರಿಯವರೂ ಊರ ಕಡೆ ಹೋದರು. ಅವರು ತೀರಿಕೊಂಡ ಸುದ್ದಿ ಸೊಪ್ಪಿನವಳ ಬಾಯಿಂದ ನಮಗೆ ಮುಟ್ಟುವಷ್ಟರಲ್ಲಿ ತಿಂಗಳು ದಾಟಿತ್ತು. ಮುಖ ನೋಡಲಾಗಲಿಲ್ಲ. ಕಾಯಿಯ ವಿಷಯ ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ, ಮಿಕ್ಸಿ ಬಂದ ಆ ದಿನದವರೆಗೆ.

ಅಂದು ಮಗಳನ್ನು ಕೂರಿಸಿ ಎಲ್ಲ ಹೇಳಿಬಿಟ್ಟೆ.

"ಅಮ್ಮಾ! ನನ್ ಬೆನ್ನು ಮುರ್ದೋಗ್ತಿತ್ತು!"

"ಹೂಂ ಕಣೇ."

"ಅಂಕಲ್ ಯಾಕೆ ನಂಗೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ಜೊತೆ ಮಾತಾಡ್ತಿದ್ಯಾ?"

ಅವಳು ನಕ್ಕಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, "ಒಂದ್ ಥ್ಯಾಂಕ್ಸ್ ಹೇಳ್ಬೋದಿತ್ತು" ಎಂದಳು. ಹೇಳಿಸಿಕೊಳ್ಳಬೇಕಾದವರೇ ಇಲ್ಲ.

ಅಷ್ಟರಲ್ಲಿ ನೀರಿನವನು ಬಂದು ಕ್ಯಾನನ್ನು ಬಾಗಿಲಲ್ಲೇ ಇಟ್ಟು ಹೋದ. ಮಗಳು ಎದ್ದು ಹೋಗಿ, ಬಗ್ಗಿ, ತುಂಬಿದ ಕ್ಯಾನನ್ನು ಒಂದೇ ಸಲಕ್ಕೆ ಎತ್ತಿ ಭುಜದ ಮೇಲಿಟ್ಟುಕೊಂಡು ಅಡುಗೆಮನೆಗೆ ನಡೆದಳು. ನಾನು ಹಿಂದಿನಿಂದ ಅವಳ ಬೆನ್ನನ್ನೇ ನೋಡುತ್ತ ಕೂತೆ.