ಅಮ್ಮನ ಮಂಡಿಗೆ ಅಂಟಿದ ಪಟ್ಟಿ

ಆ ಮದ್ದಿನ ಪಟ್ಟಿ ಮಾಡಿದ್ದು ನಾನು ಎಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಜಂಬ ಎನ್ನುವವರು ಎನ್ನಲಿ.

ಎಂಬತ್ತರ ದಶಕದಲ್ಲಿ, ಹೊಸೂರಿನಲ್ಲಿ ಗಾಯಕ್ಕೆ ಹಾಕುವ ಪ್ಲಾಸ್ಟರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್. ಅಂಚೆಟ್ಟಿ ಕಡೆಯ ನಮ್ಮೂರಿನಲ್ಲಿ ಮಂಡಿನೋವು ಬಂದವರಿಗೆಲ್ಲ ಲಕ್ಕಿಸೊಪ್ಪು ಅರೆದು ಪಟ್ಟು ಹಾಕುತ್ತಿದ್ದವಳು ನನ್ನಮ್ಮ. ಪಟ್ಟು ಕಟ್ಟಿಸಿಕೊಂಡವರು ಕಾಲು ಚಾಚಿ ಕೂತಿರಬೇಕು. ಎದ್ದು ಹೊಲಕ್ಕೆ ಹೋದರೆ ಬಟ್ಟೆ ಜಾರಿ ಸೊಪ್ಪೆಲ್ಲ ದಾರಿಪಾಲು. ಅದೇ ಸೊಪ್ಪಿನ ಸಾರವನ್ನು ಪಾಲಿಮರ್ ಹಾಳೆಗೆ ಸೇರಿಸಿ ಚರ್ಮಕ್ಕೆ ಅಂಟಿಸಬೇಕು ಎಂಬ ಹುಚ್ಚು ನನಗೆ ಹತ್ತಿತು. ಮಾಲೀಕರು, "ಮಾಡಪ್ಪಾ. ಆದ್ರೆ ಹಳ್ಳಿ ಜನದ ಮೈಮೇಲೆ ಅದು ನಿಲ್ಲದಿದ್ರೆ ಈ ಪಟ್ಟಿ ಹುಚ್ಚು ಬಿಟ್ಟುಬಿಡ್ಬೇಕು" ಎಂದರು.

ಪಾಲಿಮರ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಸಾರ ಬೆರೆಸಿ, ಗಾಜಿನ ಮೇಲೆ ತೆಳ್ಳಗೆ ಹೊಯ್ದು ಒಣಗಿಸುತ್ತಿದ್ದೆ. ಮೊದಮೊದಲು ಹಪ್ಪಳದಂತೆ ಮುರಿಯುತ್ತಿತ್ತು. ಗ್ಲಿಸರಿನ್ ಹಾಕಿದ ಮೇಲೆ ಬಾಗತೊಡಗಿತು. ತೋಳು ಒದ್ದೆ ಮಾಡಿ ಅಂಟಿಸಿಕೊಂಡರೆ ಸಂಜೆಯವರೆಗೂ ಕದಲಲಿಲ್ಲ. ಆ ಶನಿವಾರವೇ ಊರಿನ ಬಸ್ಸು ಹತ್ತಿದೆ.

ಅಮ್ಮನಿಗೂ ಮಂಡಿನೋವಿತ್ತು. ಪಟ್ಟಿಯನ್ನು ತಾನೇ ಅಂಟಿಸಿಕೊಂಡಳು. ಅಂಗಳ ದಾಟುವಷ್ಟರಲ್ಲಿ ಅದು ಜಾರಿ ಕಣಕಾಲಿಗೆ ಬಂತು. ಮುಟ್ಟಿ ನೋಡಿದರೆ ಮಂಡಿಗೆಲ್ಲ ಹರಳೆಣ್ಣೆ!

"ಎಣ್ಣೆ ಯಾಕಮ್ಮಾ ಹಚ್ಕೊಂಡೆ?" ಎಂದು ರೇಗಿದೆ.

"ಎಣ್ಣೆ ಮುಟ್ಟಿಸ್ದೆ ಮದ್ದು ಹಾಕಿದ್ರೆ ಹಿಡಿಯಾಕಿಲ್ಲ ಕಣ್ಲಾ. ಒಣ ಮೈಗೆ ಯಾರಾದ್ರೂ ಹಾಕ್ತಾರಾ?" ಎಂದು ಅವಳೂ ರೇಗಿದಳು.

ನಮ್ಮ ಕಡೆ ಯಾರೂ ಹಾಕುವುದಿಲ್ಲ, ನಿಜ. ಮೊದಲು ಹರಳೆಣ್ಣೆ, ಆಮೇಲೆ ಸೊಪ್ಪು. ಅಮ್ಮನೊಬ್ಬಳಿಂದಾದರೆ ಗದರಿಸಿ ಈ ರೂಢಿ ಬಿಡಿಸಬಹುದು, ಇಡೀ ಊರಿನಿಂದ ಬಿಡಿಸಲಾದೀತೆ? ಮುಖ ಗಂಟಿಕ್ಕಿಕೊಂಡು ಹೊಸೂರಿಗೆ ವಾಪಸಾಗುವಾಗ ಬಸ್ಸಿನಲ್ಲೇ ಹೊಳೆಯಿತು. ಎಣ್ಣೆ ಹಾಳೆಯೊಳಗೇ ಇದ್ದರೆ?

ನೀರಿನಲ್ಲಿ ಕರಗಿಸಿದ್ದಕ್ಕೆ ಎಣ್ಣೆ ಸೇರಿಸುವುದು ಹೇಳಿದಷ್ಟು ಸುಲಭವಲ್ಲ. ಎಣ್ಣೆ ಮೇಲೆ ತೇಲಿ ಗಾಜೆಲ್ಲ ಜಿಡ್ಡಾಗುತ್ತಿತ್ತು. ಬಿಸಿಯಿರುವಾಗಲೇ ಹನಿಹನಿಯಾಗಿ ಬಿಡುತ್ತಾ, ಕೈ ಸೋಲುವವರೆಗೆ ಕಡೆದಾಗ ಕೊನೆಗೂ ಮಜ್ಜಿಗೆಯಂತೆ ಬೆರೆಯಿತು. ಆ ಹಾಳೆ ಗಾಜಿನಿಂದ ಎದ್ದು ಬಂದಾಗ ಒಬ್ಬನೇ ನಕ್ಕೆ.

ಮತ್ತೆ ಊರಿಗೆ ಹೋದೆ. ಅಮ್ಮ ಪಟ್ಟಿಯನ್ನು ಮೂಸಿ, "ಇದ್ರೊಳ್ಗೇ ಹರಳೆಣ್ಣೆ ಐತಲ್ಲೋ!" ಎಂದು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ರಾಗಿ ಹೊಲದಲ್ಲಿ ಕಳೆ ಕಿತ್ತು ಬೆವರಿಳಿಸಿಕೊಂಡು ಬಂದರೂ ಪಟ್ಟಿ ಮಂಡಿಯ ಮೇಲೇ ಇತ್ತು. ನೋವು ಪೂರ್ತಿ ಹೋಗಿಲ್ಲ, ಹಗುರಾಗಿದೆ ಎಂದಳು. ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕುಂಟುತ್ತಾ ಬಂದು, "ಅಕ್ಕಾ, ಒಸಿ ಪಟ್ಟು ಹಾಕ್ಕೊಡು" ಎಂದಳು. ಊರಿಗೆಲ್ಲ ಪಟ್ಟು ಹಾಕಿದ ನನ್ನಮ್ಮ ಸೊಪ್ಪು ಕೀಳಲು ಏಳಲೇ ಇಲ್ಲ.

"ನಾನ್ಯಾಕೆ? ನನ್ ಮಗ ಹಾಕ್ತಾನೆ, ಕೂತ್ಕೋ" ಎಂದಳು.