ಬಂದ ಡಬ್ಬಿಯಲ್ಲೇ ಹೋಗಬೇಕು

ಅಂಗುಲಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಆದರೆ ಆ ತಿಂಗಳ ಹದಿಮೂರನೇ ತಾರೀಕು ಪಾರ್ಸಲ್ ಆಫೀಸಿನಲ್ಲಿ ಬಂದ ಸಿಟ್ಟಿಗೆ ಕಾರಣವೂ ಇತ್ತು, ನ್ಯಾಯವೂ ಇತ್ತು. ಕೌಂಟರಿನ ಹುಡುಗಿ ಅವನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟಳು. ಒಂದೂವರೆ ಕಿಲೋ ತೋರಿಸಿತು. ಗೋಡೆಯ ಮೇಲಿನ ದರಪಟ್ಟಿ ನೋಡಿ ಅವನು ಸರಿಯಾಗಿ ಅಷ್ಟೇ ನೋಟು ಮುಂದಿಟ್ಟ. ಅವಳು ನೋಟು ಮುಟ್ಟದೆ ಡ್ರಾಯರಿನಿಂದ ಟೇಪು ತೆಗೆದು ಡಬ್ಬಿಯ ಉದ್ದ, ಅಗಲ, ಎತ್ತರ ಅಳೆಯತೊಡಗಿದಳು.

"ಮೂರು ಕಿಲೋ ಆಗುತ್ತೆ ಅಂಕಲ್."

"ತಕ್ಕಡಿ ಒಂದೂವರೆ ತೋರಿಸ್ತಾ ಇದೆಯಲ್ಲಮ್ಮ?"

"ತೂಕ ಒಂದೂವರೆ. ಡಬ್ಬಿ ಹಿಡಿಯೋ ಜಾಗದ ಲೆಕ್ಕ ಮೂರು. ಯಾವುದು ಜಾಸ್ತಿನೋ ಅದಕ್ಕೆ ಚಾರ್ಜು."

"ಅಂದ್ರೆ ಒಳಗಿರೋ ಗಾಳಿಗೂ ನಾನೇ ದುಡ್ಡು ಕೊಡ್ಬೇಕಾ?"

"ರೂಲ್ಸು ಅಂಕಲ್." ಅವಳು ಡಬ್ಬಿಯನ್ನು ತಿರುಗಿಸಿ ಪಕ್ಕದ ಮೈ ನೋಡಿದಳು. "ಅಂಕಲ್, ಇಲ್ಲಿರೋ ಹಳೇ ಚೀಟಿ..."

"ಇನ್ನು ಆ ಚೀಟಿಗೂ ದುಡ್ಡು ಕೇಳ್ತೀಯಾ?"

ಹುಡುಗಿ ಆ ಮಾತು ಅಲ್ಲಿಗೇ ಬಿಟ್ಟು ರಸೀದಿ ಬರೆಯತೊಡಗಿದಳು. ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಅಂಗುಲಪ್ಪ ಇನ್ನಷ್ಟು ನೋಟು ತೆಗೆದು ಮೇಜಿನ ಮೇಲೆ ಕುಕ್ಕಿ, ರಸೀದಿ ಕಿತ್ತುಕೊಂಡು ಹೊರಬಂದ.

ಅಂಗುಲಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಸಾರಿನಲ್ಲಿ ಉಪ್ಪು ಹೆಚ್ಚಾದರೂ 'ಒಂದು ಅಂಗುಲ ಜಾಸ್ತಿ ಆಯ್ತು' ಎನ್ನುವ ಆಸಾಮಿ ಅವನು. ಕೆಲಸ, ಬೂಟು ಹೊಲಿಯುವುದು. ಎಲ್ಲರ ಬೂಟಲ್ಲ, ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ ಇದ್ದವರ ಬೂಟು ಮಾತ್ರ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಗೋಡೆಗೆ ಮರದ ಕಾಲಚ್ಚುಗಳು, ಇನ್ನೊಂದು ಗೋಡೆಗೆ ಚಾವಣಿಯವರೆಗೆ ರಟ್ಟಿನ ಡಬ್ಬಿಗಳು. ಕೋಣೆಯಲ್ಲೆಲ್ಲ ಅಂಟಿನ ವಾಸನೆ. ಆ ವಾಸನೆಗೆ ಮೂವತ್ತು ವರ್ಷದಿಂದ ತಲೆನೋವು ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ.

ದೂರದ ಗಿರಾಕಿಗಳು ತಮ್ಮ ಸವೆದ ಬೂಟನ್ನು ಅವನಿಗೆ ಪಾರ್ಸಲ್ ಮಾಡುತ್ತಾರೆ. ಅಟ್ಟೆ ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಎಂದು ಬೆರಳಾಡಿಸಿ ನೋಡಿದರೆ ಸಾಕು, ಆ ಮನುಷ್ಯ ಈಗ ಯಾವ ಕಡೆ ವಾಲುತ್ತಾನೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಅಳತೆಯನ್ನು ಡಬ್ಬಿಯ ಮುಚ್ಚಳದ ಒಳಮೈಯಲ್ಲೇ ಬರೆದುಕೊಳ್ಳುತ್ತಾನೆ. ಹೊಸ ಬೂಟು ತಯಾರಾದ ಮೇಲೆ ಅದೇ ಡಬ್ಬಿಯಲ್ಲಿ ವಾಪಸು. ಬಂದ ಡಬ್ಬಿಯಲ್ಲೇ ಹೋಗಬೇಕು, ಇದು ಅಂಗುಲಪ್ಪನ ಕಾನೂನು. ಒಬ್ಬರ ಬೂಟು ಇನ್ನೊಬ್ಬರಿಗೆ ಹೋಗುವುದಿಲ್ಲ, ಹೊಸ ಡಬ್ಬಿಗೆ ಕಾಸೂ ಬಿಚ್ಚಬೇಕಿಲ್ಲ. ಡಬ್ಬಿಯ ಮೇಲೆ ತನ್ನ ವಿಳಾಸವಿರುವ ಹಳೇ ಚೀಟಿಯನ್ನು ಅವನು ಕೀಳುವುದಿಲ್ಲ, ಕಿತ್ತರೆ ರಟ್ಟು ಹರಿಯುತ್ತದೆ. ನೀಲಿ ಪೆನ್ಸಿಲಿನಲ್ಲಿ ಅಡ್ಡಡ್ಡ ಎರಡು ಗೀಟು ಎಳೆಯುತ್ತಾನೆ. ಗೀಟು ಎಳೆದದ್ದು ರದ್ದಾಯಿತು ಎಂಬುದು ಕಣ್ಣಿರುವ ಯಾರಿಗಾದರೂ ತಿಳಿಯುತ್ತದಲ್ಲ! ಇಷ್ಟು ವರ್ಷ ಹಾಗೇ ನಡೆದಿತ್ತು.

ಈ ಸಲದ ಡಬ್ಬಿ ಅಕ್ಕನದು. ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟುವಾಗಲೇ ಎಡಗಾಲು ಒಂದು ಅಂಗುಲ ಗಿಡ್ಡ. ಶಾಲೆಯಲ್ಲಿ ಅವಳ ನಡಿಗೆಯನ್ನು ಅಣಕಿಸದವರೇ ಇರಲಿಲ್ಲ. ತಮ್ಮ ಎಷ್ಟು ಜನರ ಜೊತೆ ಹೊಡೆದಾಡಿ ಅಂಗಿ ಹರಿದುಕೊಂಡು ಬಂದನೋ ಲೆಕ್ಕವಿಲ್ಲ. ಹೊಡೆದಾಡಿ ಪ್ರಯೋಜನವಿಲ್ಲ ಎಂದು ಗೊತ್ತಾದ ಮೇಲೆ, ಹದಿನಾರನೇ ವಯಸ್ಸಿಗೆ ಬೂಟಿನ ಅಂಗಡಿ ಸೇರಿದ. ಮೊದಲು ಮಾಡಿಕೊಟ್ಟ ಜೋಡಿ ಅಕ್ಕನ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತು. ಅವಳು ತುಟಿಪಿಟಕ್ಕೆನ್ನದೆ ಅದನ್ನೇ ವರ್ಷವಿಡೀ ಹಾಕಿಕೊಂಡಳು. ಅವಳಿಗೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಅವನ ಕೈ ಪಳಗಿತ್ತು. ಎತ್ತರವೆಲ್ಲ ಬೂಟಿನ ಒಳಗೆ, ಬೆಂಡಿನ ಪದರಗಳಲ್ಲಿ. ಹೊರಗಿನಿಂದ ನೋಡಿದರೆ ಎರಡು ಬೂಟೂ ಒಂದೇ. ಆ ಬೂಟು ತೊಟ್ಟು ಅಕ್ಕ ನಡೆದರೆ ಅವಳ ಕಾಲಿನ ಸುದ್ದಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಗೊತ್ತಾಗಲಿಲ್ಲ.

ಈಗ ಅವಳ ನಿವೃತ್ತಿ. ಕೊನೆಯ ತಿಂಗಳು ಉಳಿದ ರಜೆಯೆಲ್ಲ ಹಾಕಿ ಮನೆಯಲ್ಲಿದ್ದಳು. ಮೂವತ್ತನೇ ತಾರೀಕು ಮೂರು ಗಂಟೆಗೆ ಬೀಳ್ಕೊಡುಗೆ. ಹಳೇ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು, ಅದಕ್ಕೇ ಕಳಿಸಿದ್ದಳು. ಫೋನಿನಲ್ಲಿ ಹೇಳಿದ್ದಳು:

"ಬಾಗಿಲಿಂದ ವೇದಿಕೆಗೆ ನಲವತ್ತು ಹೆಜ್ಜೆ ಕಣೋ. ಎಣಿಸಿ ಇಟ್ಕೊಂಡಿದ್ದೀನಿ. ಸೇರಿದ ದಿನ ಹೆಂಗೆ ನೆಟ್ಟಗೆ ನಡ್ಕೊಂಡು ಒಳಗೆ ಹೋದ್ನೋ, ಹಂಗೇ ನಡ್ಕೊಂಡು ಹೊರಗೆ ಬರ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

"ಹದಿನೈದನೇ ತಾರೀಕಿಗೆ ನಿನ್ನ ಕಾಲಲ್ಲಿರುತ್ತೆ ಅಕ್ಕ, ಸುಮ್ನಿರು" ಎಂದಿದ್ದ ತಮ್ಮ.

ಹದಿನೆಂಟನೇ ತಾರೀಕು ಬೆಳಿಗ್ಗೆ ಬಾಗಿಲ ಮುಂದೆ ಸ್ಕೂಟರ್ ನಿಂತಿತು. ಪಾರ್ಸಲಿನವನು ಡಬ್ಬಿಯೊಂದನ್ನು ಕೈಗಿತ್ತು ಹೊರಟೇಬಿಟ್ಟ. ಯಾವುದೋ ಹೊಸ ಗಿರಾಕಿಯಿರಬೇಕು ಎಂದು ಅಂಗುಲಪ್ಪ ಕನ್ನಡಕ ಏರಿಸಿ ನೋಡಿದ. ಅಕ್ಕನ ಡಬ್ಬಿ! ಮುಚ್ಚಳದ ಮೇಲೆ ಹೊಸ ಚೀಟಿ, ಅದರಲ್ಲಿ ಅಕ್ಕನ ವಿಳಾಸ, ಪಿನ್‌ಕೋಡ್ ಸಮೇತ, ಮುತ್ತಿನಂಥ ಅಕ್ಷರದಲ್ಲಿ. ಅವನ ಮೈಯೆಲ್ಲ ಉರಿದುಹೋಯಿತು.

"ಓದೋಕೂ ಬರದೋರನ್ನ ಕೂರಿಸಿದ್ದಾರೆ ಕಣೇ ಅಲ್ಲಿ!"

"ಹೋಗ್ಲಿ ಬಿಡಿ" ಎಂದಳು ಹೆಂಡತಿ. "ನೀವೇ ಬಸ್ಸು ಹತ್ತಿ ಕೊಟ್ಟು ಬಂದ್ಬಿಡಿ. ನಿಮ್ಮಕ್ಕನ್ನೂ ನೋಡಿದ ಹಾಗಾಗುತ್ತೆ."

"ಯಾಕೆ ಹೋಗ್ಬೇಕು? ಗಾಳಿಗೂ ಸೇರಿಸಿ ದುಡ್ಡು ಎಣಿಸ್ಕೊಂಡಿದ್ದಾರಲ್ಲ, ತಲುಪಿಸ್ಲಿ!"

ಇದು ಅವನ ಜಗಮೊಂಡತನ. ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಆ ದಿನ ಕೌಂಟರಿನಲ್ಲಿ ಹುಡುಗಿ ಇರಲಿಲ್ಲ, ಬೇರೊಬ್ಬನಿದ್ದ. ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಅಂಗುಲಪ್ಪನ ಕೂಗಾಟವನ್ನೆಲ್ಲ ಕೇಳಿಸಿಕೊಂಡ, ಕೇಳಿಸಿಕೊಂಡನೋ ಇಲ್ಲವೋ. ಕಡೆಗೆ, "ಅರ್ಜೆಂಟಲ್ಲಿ ಹಾಕಿಬಿಡಿ, ಗ್ಯಾರಂಟಿ ಹೋಗುತ್ತೆ" ಎಂದ.

"ಹಳೇ ದುಡ್ಡು?"

"ಅದು ಆ ಸಲದ್ದು. ಇದು ಈ ಸಲದ್ದು."

ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಅರ್ಜೆಂಟಿಗೆಂದು ಒಂದೂವರೆ ಪಟ್ಟು ಕೊಟ್ಟ. ಆ ದುಡ್ಡಿಗೆ ಎರಡು ಜೊತೆ ಅಟ್ಟೆಯ ಚರ್ಮ ಬರುತ್ತಿತ್ತು.

ಆಮೇಲೆ ಶುರುವಾಯಿತು ಕಾಯುವ ಕರ್ಮ. ಅರ್ಜೆಂಟಿನ ಡಬ್ಬಿ ಆಮೆಗಿಂತ ಕಡೆಯಾಯಿತು. ಫೋನಿಗೆ ದಿನಾ ಒಂದು ಸಂದೇಶ: ದಾರಿಯಲ್ಲಿದೆ. ದಾರಿಯಲ್ಲಿದೆ. ದಾರಿಯಲ್ಲೇ ಇದೆ. ಸಹಾಯವಾಣಿಗೆ ಕರೆ ಮಾಡಿದರೆ ಒಂದು ಹೆಣ್ಣು ದನಿ ಒಂದು ಒತ್ತಿ, ಎರಡು ಒತ್ತಿ ಎಂದಿತು. ಅವನು ಒಂದು ಒತ್ತಿದ, ಎರಡು ಒತ್ತಿದ, ಸಿಟ್ಟಿಗೆ ಒಂಬತ್ತನ್ನೂ ಒತ್ತಿದ. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಹೇಳಿ ಸಂಗೀತ ಹಾಕಿತು. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಲೈನು ಕಟ್ಟಾಯಿತು. ಹೊಲಿಗೆಗೆ ಕೂತರೆ ಸೂಜಿ ಬೆರಳಿಗೇ ಚುಚ್ಚುತ್ತಿತ್ತು.

ಅಕ್ಕ ಸಂಜೆಗೊಮ್ಮೆ ಫೋನು ಮಾಡುತ್ತಿದ್ದಳು. ಮೊದಮೊದಲು ನಗುತ್ತಲೇ ಕೇಳಿದಳು. ಇಪ್ಪತ್ತೈದನೇ ತಾರೀಕು ಕಳೆದ ಮೇಲೆ ನಗುವುದನ್ನು ಬಿಟ್ಟಳು.

"ಬರುತ್ತೇನೋ?"

"ಬರುತ್ತೆ ಅಕ್ಕ."

"ಬರ್ಲಿಲ್ಲಾಂದ್ರೆ ನಾನು ಹೋಗೋದೇ ಇಲ್ಲ ನೋಡು."

"ಬಿಡ್ತು ಅನ್ನು. ಬರುತ್ತೆ ಅಂದ್ನಲ್ಲ!"

ಸಿಟ್ಟು ಪಾರ್ಸಲಿನವರ ಮೇಲೆ, ರೇಗಿದ್ದು ಅಕ್ಕನ ಮೇಲೆ. ಫೋನಿಟ್ಟ ಮೇಲೆ ಅವನಿಗೆ ಅದು ಅರ್ಥವಾಗಿ ಊಟ ಸೇರಲಿಲ್ಲ.

ಇಪ್ಪತ್ತೊಂಬತ್ತನೇ ತಾರೀಕು ಮಧ್ಯಾಹ್ನ ಫೋನು ಟಿಂಗ್ ಎಂದಿತು: 'ನಿಮ್ಮ ಪಾರ್ಸಲ್ ವಿಳಾಸದ ಬಾಗಿಲಿಗೆ ಬಂದಿದೆ.' ಅಂಗುಲಪ್ಪ ಕೂತಲ್ಲಿಂದ ಚಂಗನೆ ಎದ್ದ. ಅಕ್ಕನಿಗೆ ಫೋನು ಹಚ್ಚಿದ.

"ಅಕ್ಕಾ, ಬಾಗಿಲು ತೆಗಿ! ಬಂದಿದೆ!"

ಅಕ್ಕ ಕಾಲೆಳೆಯುತ್ತ ಬಾಗಿಲಿಗೆ ಹೋದದ್ದು, ಚಿಲಕ ತೆಗೆದದ್ದು ಅವನಿಗೆ ಫೋನಿನಲ್ಲೇ ಕೇಳಿಸಿತು.

"ಯಾರೂ ಇಲ್ವಲ್ಲೋ ಇಲ್ಲಿ."

"ಇರ್ತಾನೆ ನೋಡು, ಗೇಟಿನ ಹತ್ರ..."

ಅಷ್ಟರಲ್ಲಿ ಅವನ ಬಾಗಿಲನ್ನೇ ಯಾರೋ ದಬದಬ ಬಡಿದರು. ಬಾಗಿಲು ತೆಗೆದರೆ ಅದೇ ಸ್ಕೂಟರು, ಅದೇ ಆಸಾಮಿ, ಅದೇ ಡಬ್ಬಿ.

"ಇದು ಇಲ್ಲಿಗಲ್ಲಯ್ಯಾ! ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ವಿಳಾಸ ಬರ್ದಿರೋದು ಕಾಣ್ಸಲ್ವಾ?"

"ನಾವು ವಿಳಾಸ ನೋಡಲ್ಲ ಸಾರ್. ಈ ಫೋನು ಎಲ್ಲಿ ತೋರ್ಸುತ್ತೋ ಅಲ್ಲಿಗೆ ತರ್ತೀವಿ. ಸೈನ್ ಹಾಕಿ."

ಅಕ್ಕ ಇನ್ನೂ ಲೈನಿನಲ್ಲಿದ್ದಳು. ಎಲ್ಲ ಕೇಳಿಸಿರಬೇಕು. ಟಕ್ಕೆಂದು ಫೋನಿಟ್ಟಳು.

ಅಂಗುಲಪ್ಪ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಪಾರ್ಸಲ್ ಆಫೀಸಿಗೆ ನುಗ್ಗಿದ. ಸಾಲುಗೀಲು ನೋಡಲಿಲ್ಲ. ಕೌಂಟರಿನಲ್ಲಿ ಹುಡುಗಿಯೇ ಇದ್ದಳು. ಅವನು ಕೂಗಿದ, ಮೇಜು ಗುದ್ದಿದ, ನಿಮ್ಮ ಆಫೀಸಿಗೆ ಬೀಗ ಹಾಕಿಸ್ತೀನಿ ಎಂದ. ಅವಳು ಅವನಿಗೆ ಉಸಿರು ಸಾಲದಾಗುವವರೆಗೆ ಕಾದಳು. ಆಮೇಲೆ ಡಬ್ಬಿಯನ್ನು ಪಕ್ಕಕ್ಕೆ ತಿರುಗಿಸಿ, ನೀಲಿ ಗೀಟಿನ ಹಳೇ ಚೀಟಿಯ ಮೇಲೆ ಬೆರಳಿಟ್ಟಳು.

"ಈ ಕಪ್ಪು ಗೆರೆಗಳಿದಾವಲ್ಲ ಅಂಕಲ್, ಮೆಷಿನ್ನು ಓದೋದು ಇದನ್ನ. ಈ ತಿಂಗಳಿಂದ ವಿಂಗಡಿಸೋ ಕೆಲಸ ಮೆಷಿನ್ನಿಂದು. ಹಳೇ ಗೆರೆ ನಿಮ್ಮ ಮನೇದು, ಅದಕ್ಕೇ ನಿಮ್ಮ ಮನೆಗೇ ಬಂತು."

"ಗೀಟು ಹೊಡೆದಿದ್ದೀನಲ್ಲಮ್ಮ?"

"ಗೀಟು ಮನುಷ್ಯರಿಗೆ ಅಂಕಲ್. ಮೆಷಿನ್ನಿಗೇನು ಗೊತ್ತು?"

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ಬಂದೆ. ಚೀಟಿಗೂ ದುಡ್ಡು ಕೇಳ್ತೀಯಾ ಅಂದ್ರಿ."

ಅಂಗುಲಪ್ಪ ಆ ನೀಲಿ ಗೀಟಿನ ಮೇಲೆ ಬೆರಳಾಡಿಸಿದ. ಇಷ್ಟು ದಿನ ಕಂಡಕಂಡವರ ಮೇಲೆಲ್ಲ ಗೂಬೆ ಕೂರಿಸಿದ್ದ. ಕಿತ್ತರೆ ರಟ್ಟು ಹರಿಯುತ್ತದೆ ಎಂದು ಉಳಿಸಿದ್ದ ಚೀಟಿ ಅದು. ಬೇಕಾದರೆ ಈಗಲೇ ಕಿತ್ತು ಮತ್ತೆ ಕಳಿಸುತ್ತೇನೆ, ಮೂರು ದಿನ ಆಗುತ್ತದೆ ಎಂದಳು ಹುಡುಗಿ. ಅವನು ಬೇಡವೆಂದು ತಲೆಯಾಡಿಸಿ ಡಬ್ಬಿ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹತ್ತಿದ. ಮಧ್ಯಾಹ್ನ ಎರಡಕ್ಕೆ ಅಕ್ಕನ ಊರು ಸೇರಬೇಕು. ಒಂದು ಗಂಟೆ ಕೈಯಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ನೇರ ಕಚೇರಿಗೇ ತರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತ. ಕಂಡಕ್ಟರ್ ಬಂದು ಟಿಕೆಟಿನ ಜೊತೆಗೆ ಲಗೇಜು ಚಾರ್ಜೂ ಕೇಳಿದ.

"ತೊಡೆ ಮೇಲಿದೆಯಲ್ರೀ! ಯಾರ ಜಾಗ ತಿಂದಿದೆ?"

"ಸೈಜು ದೊಡ್ಡದಲ್ವಾ ಸಾರ್."

ಅಂಗುಲಪ್ಪ ಹಲ್ಲು ಕಚ್ಚಿಕೊಂಡು ಕೊಟ್ಟ. ಬಸ್ಸು ಹೊರಟಮೇಲೆ ತಿಳಿಯಿತು, ಅದರ ತಲೆಯ ಮೇಲೆಲ್ಲ ಪಾರ್ಸಲ್ಲು. ಊರೂರಿಗೆ ನಿಲ್ಲುವುದು, ಮೇಲಿನಿಂದ ಮೂಟೆ ಇಳಿಸುವುದು, ರಸೀದಿ ಹುಡುಕುವುದು, ಬೇರೆ ಮೂಟೆ ಹತ್ತಿಸುವುದು. ಒಂದೂರಿನಲ್ಲಿ ಫ್ಯಾನಿನ ಡಬ್ಬಿಯೊಂದು ಕಮ್ಮಿ ಬಿತ್ತೆಂದು ಮುಕ್ಕಾಲು ಗಂಟೆ ಜಗಳ. "ಹೊರಡ್ರೀ, ನಿಮ್ಮ ದಮ್ಮಯ್ಯ!" ಎಂದು ಅವನು ಕಿಟಕಿಯಿಂದ ಬಾಯಿ ಬಡಿದುಕೊಂಡ. ಯಾರೂ ತಿರುಗಿ ನೋಡಲಿಲ್ಲ. ಮೂರು ಗಂಟೆಗೆ ಅಕ್ಕನಿಗೆ ಫೋನು ಮಾಡಿದ. ಎತ್ತಲಿಲ್ಲ.

ಅವನು ಕಚೇರಿಯ ಸಭಾಂಗಣದ ಬಾಗಿಲಿಗೆ ಬಂದು ನಿಂತಾಗ ಐದು ಗಂಟೆ. ಒಬ್ಬ ಜವಾನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅಕ್ಕ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಉಡುಗೊರೆಯ ಗಡಿಯಾರ, ಕಾಲಲ್ಲಿ ಮನೆಯ ರಬ್ಬರ್ ಚಪ್ಪಲಿ.

"ಬಂದ್ಯಾ" ಎಂದಳು.

"ಅಕ್ಕ, ತಪ್ಪು ನಂದೇ. ಆ ಚೀಟಿ..."

"ಏನಾದ್ರೂ ಇರ್ಲಿ ಬಿಡು."

"ಹೆಂಗೆ ಹೋದೆ ವೇದಿಕೆಗೆ?"

"ಹೆಂಗೆ ಹೋಗ್ತಾರೆ? ಕುಂಟ್ಕೊಂಡು ಹೋದೆ. ನಲವತ್ತು ಅಂದ್ಕೊಂಡಿದ್ದೆ, ಐವತ್ತಾರು ಹೆಜ್ಜೆ ಆಯ್ತು. ಇಡೀ ಸಭೆ ಉಸಿರು ಬಿಗಿ ಹಿಡ್ಕೊಂಡು ನೋಡ್ತಾ ಇತ್ತು ಕಣೋ. ಆಮೇಲೆ ಎಲ್ಲರೂ ಬಂದು, ಮೇಡಂ ಕಾಲಿಗೆ ಏನಾಯ್ತು, ಯಾವಾಗಾಯ್ತು ಅಂತ ಕೇಳಿದ್ರು."

"ಏನಂದೆ?"

"ಹುಟ್ಟಿದಾಗಿಂದ ಅಂದೆ." ಅಕ್ಕ ಗಡಿಯಾರವನ್ನು ಪಕ್ಕಕ್ಕಿಟ್ಟಳು. "ಒಬ್ಬರೂ ನಂಬಲಿಲ್ಲ. ಮೂವತ್ತನಾಲ್ಕು ವರ್ಷ ಜೊತೇಲಿದ್ದೋರು, ತಮಾಷೆ ಮಾಡ್ಬೇಡಿ ಮೇಡಂ, ಎಲ್ಲೋ ಉಳುಕಿರ್ಬೇಕು ಅಂದ್ರು."

ಅಂಗುಲಪ್ಪ ಅವಳ ಕಾಲ ಬುಡಕ್ಕೆ ಬಂದ. ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದ. ಬೂಟು ತೊಡಿಸಿದ, ಲಾಡಿ ಬಿಗಿದ, ಹೆಬ್ಬೆರಳಿನಿಂದ ತುದಿ ಒತ್ತಿ ನೋಡಿದ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಕ್ಕ ಎದ್ದು ನಿಂತಳು. ಕೆಳಕ್ಕೆ ವಾಲಿದ್ದ ಎಡ ಭುಜ ಬಲ ಭುಜದ ಮಟ್ಟಕ್ಕೆ ಏರಿತು. ತಮ್ಮ ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸಿ, ವೇದಿಕೆಯಿಂದ ಬಾಗಿಲ ಕಡೆಗೆ ನಡೆಯತೊಡಗಿದಳು. ನೆಟ್ಟಗೆ, ಬೆನ್ನು ಬಾಗಿಸದೆ, ಬಾಯಲ್ಲೇ ಎಣಿಸುತ್ತ. ಜವಾನ ಅವಳಿಗೆ ಬೆನ್ನು ಹಾಕಿ ಕುರ್ಚಿ ಪೇರಿಸುತ್ತಿದ್ದ.

ಬಾಗಿಲಲ್ಲಿ ಅವಳು ನಿಂತಳು.

"ನಲವತ್ತೇ" ಎಂದಳು. "ಲೆಕ್ಕ ಸರಿಯಾಗೇ ಇತ್ತು ಕಣೋ."

ತಿರುಗಿ, ಖಾಲಿ ಸಭಾಂಗಣವನ್ನು ಒಮ್ಮೆ ನೋಡಿದಳು.

"ನೋಡೋಕೆ ಒಬ್ಬರೂ ಇಲ್ವಲ್ಲೋ."

ಅಂಗುಲಪ್ಪ ಖಾಲಿ ಡಬ್ಬಿಯನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಿದ್ದ.