ಖಾಲಿ ಮನೆಯಲ್ಲಿ ಅಳೆದ ಸಿಗ್ನಲ್

ಮೊನ್ನೆ ಮನೆಗೆ ವೈಫೈ ಜೋಡಿಸಲು ಬಂದವರು ಮೊಬೈಲು ಹಿಡಿದು ಕೋಣೆಯಿಂದ ಕೋಣೆಗೆ ಅಡ್ಡಾಡುತ್ತಿದ್ದರು. "ಇಲ್ಲಿ ಫುಲ್ ಐತ್ರಿ ಮೇಡಮ್" ಎಂದು ಅವರು ಸಂತೋಷದಿಂದ ಹೇಳಿದರೆ ನಾನು ಎದ್ದು ಹೊರಗೆ ಹೋದೆ. ನಿಮಗೆ ನಗು ಬಂದೀತು, ಕಾರಣ ಕೇಳಿ.

ಬೈಲಹೊಂಗಲಕ್ಕೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ನಾನು ಅಲ್ಲಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಮುನವಳ್ಳಿಗೆ ಕೊಟ್ಟಿದ್ದ ನಾದಿನಿಗೆ ಏಳು ತಿಂಗಳಿಗೇ ನೋವು ಬಂದು, ನನ್ನ ಗಂಡ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಒಯ್ದಿದ್ದರು. ಹೆಣ್ಣು ಕೂಸು ಹುಟ್ಟಿತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. "ನಾಳೆ ಮಧ್ಯಾಹ್ನದತನಕಾ ಏನೂ ಹೇಳಾಕ ಆಗೂದಿಲ್ಲ ಅಂದಾರ. ಆಮ್ಯಾಲೆ ಫೋನ್ ಹಚ್ಚತೇನಿ" ಎಂದರು ಗಂಡ. ಆ ಮಾತನ್ನು ನಾನು ಫೋನು ಹಿಡಿದು ಮಾಳಿಗೆಯ ಮೇಲೆ ನಿಂತು ಕೇಳಿದ್ದೆ; ಸಿಗ್ನಲ್ ಸರಿಯಾಗಿ ಸಿಗುತ್ತಿದ್ದುದು ಅಲ್ಲಿ ಮಾತ್ರ.

ಆದರೆ ಅತ್ತೆಗೆ ಮೊಣಕಾಲು ನೋವು, ಮಾಳಿಗೆ ಹತ್ತಲಾರರು. ಸುದ್ದಿಯನ್ನು ತಮ್ಮ ಕಿವಿಯಿಂದಲೇ ಕೇಳಬೇಕೆಂಬ ಹಟ ಬೇರೆ. ನಮ್ಮದೋ ಮೊಳದಗಲ ಗೋಡೆಯ ಮನೆ, ಸಿಗ್ನಲ್ ಒಳಗೆ ನುಸುಳುವುದೇ ಕಷ್ಟ. ಮರುದಿನ ಬೆಳಿಗ್ಗೆ ಅತ್ತೆ ಮಠಕ್ಕೆ ಹೋದಾಗ ನಾನೊಬ್ಬಳೇ ನೋಟ್‌ಬುಕ್ಕು ಹಿಡಿದು ಪಡಸಾಲೆ, ಅಡುಗೆಮನೆ, ದೇವರ ಕೋಣೆ ಎಲ್ಲ ಕಡೆ ಸಿಗ್ನಲ್ ಅಳೆದೆ. ಒಂದೊಂದು ಜಾಗದಲ್ಲಿ ಹತ್ತು ಸಲ. ಅದೇ ಜಾಗ, ಅದೇ ಫೋನು. ಪರದೆಯ ಮೇಲೆ ಒಮ್ಮೆ ಸಿಗ್ನಲ್ಲಿನ ನಾಲ್ಕು ಗೀಟು, ಮರುಗಳಿಗೆ ಎರಡು. ಗೇಣು ಸರಿಸಿದರೆ ಒಂದೂ ಇಲ್ಲ. ಏನಾದರೇನು, ಸರಾಸರಿ ಎಂಬುದೊಂದು ನನ್ನ ಕೈಯಲ್ಲಿತ್ತಲ್ಲ! ದೇವರ ಕೋಣೆಯ ಕಿಟಕಿ ಗೆದ್ದಿತು. ಫೋನನ್ನು ಅಲ್ಲಿಟ್ಟು, ಪರೀಕ್ಷೆ ಬರೆದು ಬಂದವಳಂತೆ ನಿರಾಳವಾದೆ.

ಮಧ್ಯಾಹ್ನ ಕಳೆಯಿತು. ಫೋನು ಸುಮ್ಮನಿತ್ತು. ಸುದ್ದಿ ತಿಳಿದ ಓಣಿಯವರು, ಬೀಗರು ಬಂದು ಕಿಟಕಿಯ ಮುಂದೆ ನಿಂತರು. ಮೂರು ಹೊಡೆಯಿತು. ಹೆಗಲುಗಳ ನಡುವೆ ತೂರಿ ನೋಡಿದರೆ ಗೀಟು ಒಂದೂ ಇಲ್ಲ. ನೋಟ್‌ಬುಕ್ಕು ತೆಗೆದು ಮತ್ತೆ ಕೂಡಿಸಿದೆ, ಭಾಗಿಸಿದೆ. ಲೆಕ್ಕ ಸರಿಯಿತ್ತು.

ಅತ್ತೆಗೆ ಸಹನೆ ಮುಗಿಯಿತು. "ಹಿಂಗ ಗ್ವಾಡಿ ಕಟ್ಟಿದಂಗ ನಿಂತ್ರ ನನಗ ಉಸಿರ ಕಟ್ಟತೈತಿ. ಎಲ್ಲಾರೂ ಹೊರಗ ನಡೀರಿ! ನೀನೂ ನಡಿಯವಾ."

ಎಲ್ಲರೂ ಅಂಗಳಕ್ಕಿಳಿದು ನಿಂತೆವು. ಸ್ವಲ್ಪ ಹೊತ್ತಿಗೆ ಒಳಗೆ ಫೋನು ರಿಂಗಾಯಿತು. ಅತ್ತೆ "ಹಾಂ... ಹಾಂ..." ಎನ್ನುವುದಷ್ಟೇ ಕೇಳುತ್ತಿತ್ತು. ಆಮೇಲೆ ಅವರು ಅಳುತ್ತ ಬಾಗಿಲಿಗೆ ಬಂದರು.

"ಕೂಸು ತಾನ ಉಸಿರಾಡಾಕ ಹತ್ತೈತಂತ. ಎರಡ ಸಲ ಹಚ್ಚಿದ್ನಂತ, ಹತ್ತಲೇ ಇಲ್ಲಂತ."

ಕಿಟಕಿಯ ಮುಂದೆ ಗೋಡೆಯಂತೆ ನಿಂತ ನಾವೇ ಸಿಗ್ನಲ್ಲಿಗೆ ಅಡ್ಡವಾಗಿದ್ದೆವು. ಬೆಳಿಗ್ಗೆ ನಾನು ಅಳೆದದ್ದು ಖಾಲಿ ಮನೆಯನ್ನು. ಕಾಯುವ ಮನೆ ಖಾಲಿ ಇರುವುದಿಲ್ಲ ಎಂಬುದನ್ನೇ ಮರೆತಿದ್ದೆ. ಅಂದಿನಿಂದ, ಯಾರಾದರೂ ಫೋನು ಹಿಡಿದರೆ ಎದ್ದು ಹೊರಗೆ ಹೋಗುವುದು ನನಗೆ ಚಟವಾಯಿತು.

ಆ ಕೂಸು ಈಗ ಕಾಲೇಜಿಗೆ ಹೋಗುತ್ತಾಳೆ. ನಿನ್ನೆ ನಮ್ಮಲ್ಲಿಗೆ ಬಂದವಳು, ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು, ನಾನು ಎದ್ದೆ. "ಮಾಮಿ, ಯಾಕ ಎದ್ರಿ? ನಾ ಏನ್ ಗುಟ್ಟ ಮಾತಾಡಾಕ ಹತ್ತಿಲ್ಲ. ಕುಂಡರ್ರಿ" ಎಂದು ಕೈ ಹಿಡಿದೆಳೆದಳು.

ಅವಳ ಪಕ್ಕದಲ್ಲಿ ಕುಳಿತೆ. ಮಾತು ಮುಗಿಯುವವರೆಗೂ ಅವಳು ಕೈ ಬಿಡಲಿಲ್ಲ.